ಕರಾವಳಿಯ ಸೆಕೆಯಲ್ಲಿ ಖಾರದ ಸ್ಕೋನ್: ಬೆಣ್ಣೆ ತಣ್ಣಗಿರಲಿ, ಓವನ್ ಕಾದಿರಲಿ

ಸ್ಕೋನ್ ಎಂದರೆ ಬ್ರಿಟನ್ ಕಡೆಯ, ಪದರ ಪದರವಾಗಿ ಉಬ್ಬುವ ಪುಟ್ಟ ಬನ್ನಿನಂಥ ತಿಂಡಿ. ಅದಕ್ಕೆ ಬೇಕಾದ ಮುಖ್ಯ ಸಾಮಾನು ಐದೇ: ಮೈದಾ, ಬೇಕಿಂಗ್ ಪೌಡರ್, ಉಪ್ಪು, ಬೆಣ್ಣೆ, ಹಾಲು. ಯೀಸ್ಟ್ ಬೇಡ, ಹಿಟ್ಟು ಹುದುಗಿಸಿ ಕಾಯುವ ಕೆಲಸವೂ ಇಲ್ಲ. ಆದರೂ ಕಾರವಾರ, ಅಂಕೋಲಾ, ಕುಮಟಾ ಕಡೆಯ ಅಡುಗೆಮನೆಯಲ್ಲಿ ಮೊದಲ ಸಲ ಮಾಡಿದಾಗ ಉಬ್ಬದೆ ಚಪ್ಪಟೆಯಾದ, ಅಡಿಯಲ್ಲಿ ಬೆಣ್ಣೆ ಸೋರಿ ಕರಿದಂತಾದ, ಆರಿದ ಮೇಲೆ ಗಟ್ಟಿಯಾಗುವ ಬಿಲ್ಲೆಗಳು ಬರುವುದೇ ಹೆಚ್ಚು. ಮಾಡಿದವರು ತಮ್ಮ ಕೈಗುಣವನ್ನು ಬೈದುಕೊಳ್ಳುತ್ತಾರೆ. ಕೈಗುಣದ ತಪ್ಪಲ್ಲ ಅದು. ಸ್ಕೋನ್ ಚಳಿ ದೇಶದ ತಿಂಡಿ. ಅದರ ಅಳತೆ, ಕ್ರಮಗಳೆಲ್ಲ 18–20 ಡಿಗ್ರಿಯ ಅಡುಗೆಮನೆಗೆಂದು ಬರೆದವು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಅಡುಗೆಮನೆ 32–33 ಡಿಗ್ರಿ ಇರುತ್ತದೆ, ಒಲೆ ಹಚ್ಚಿದರೆ ಇನ್ನೂ ಹೆಚ್ಚು. ಈ ಹನ್ನೆರಡು ಹದಿನೈದು ಡಿಗ್ರಿಯ ವ್ಯತ್ಯಾಸವನ್ನು ಸರಿದೂಗಿಸಿಕೊಂಡರೆ ಉಳಿದದ್ದೆಲ್ಲ ಸುಲಭ.

ಏಕೆ ಎಂದು ತಿಳಿಯಲು ಸ್ಕೋನ್ ಹೇಗೆ ಉಬ್ಬುತ್ತದೆ ಎಂಬುದನ್ನು ನೋಡಬೇಕು. ಅದನ್ನು ಮೇಲೆತ್ತುವ ಶಕ್ತಿಗಳು ಎರಡು. ಒಂದು ಬೇಕಿಂಗ್ ಪೌಡರ್. ಅದರಲ್ಲಿ ಅಡುಗೆ ಸೋಡಾ, ಪುಡಿಯ ರೂಪದ ಆಮ್ಲ ಮತ್ತು ಇವೆರಡು ಮೊದಲೇ ಸೇರದಂತೆ ತಡೆಯುವ ಪಿಷ್ಟ ಇರುತ್ತವೆ. ನೀರು ತಾಗಿದಾಗ ಸ್ವಲ್ಪ, ಬಿಸಿ ತಾಗಿದಾಗ ಉಳಿದಷ್ಟು ಇಂಗಾಲದ ಡೈ ಆಕ್ಸೈಡ್ ಬಿಡುಗಡೆಯಾಗುತ್ತದೆ. ಎರಡನೆಯದು ಬೆಣ್ಣೆ. ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು ಸುಮಾರು 80 ಭಾಗವಾದರೆ ಉಳಿದದ್ದರಲ್ಲಿ ಬಹುಪಾಲು ನೀರು. ಹಿಟ್ಟಿನ ನಡುವೆ ಸಣ್ಣ ಸಣ್ಣ ತುಣುಕಾಗಿ ಉಳಿದ ತಣ್ಣನೆಯ ಬೆಣ್ಣೆ ಕಾದ ಓವನ್‌ನೊಳಗೆ ಹೋದ ಕೂಡಲೇ ಕರಗುತ್ತದೆ, ಅದರ ನೀರು ಆವಿಯಾಗಿ ಸುತ್ತಲಿನ ಹಿಟ್ಟನ್ನು ದೂಡುತ್ತದೆ. ಅಷ್ಟರಲ್ಲಿ ಹಿಟ್ಟು ಬೆಂದು ಗಟ್ಟಿಯಾದರೆ ತುಣುಕು ಇದ್ದ ಜಾಗ ಪೊಳ್ಳಾಗಿ ಉಳಿಯುತ್ತದೆ. ಸ್ಕೋನ್ ಮುರಿದಾಗ ಕಾಣುವ ಪದರ ಅದೇ.

ಬೆಣ್ಣೆ ಓವನ್‌ಗೆ ಹೋಗುವ ಮೊದಲೇ ಕರಗಿದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಬೆಣ್ಣೆ 20 ಡಿಗ್ರಿ ದಾಟುತ್ತಿದ್ದಂತೆ ಮೆತ್ತಗಾಗಲು ಶುರು, 32ರಿಂದ 35 ಡಿಗ್ರಿಯೊಳಗೆ ಪೂರ್ತಿ ಕರಗುತ್ತದೆ. ಅಂದರೆ ಮೇ ತಿಂಗಳ ಕಾರವಾರದಲ್ಲಿ ಕಟ್ಟೆಯ ಮೇಲಿಟ್ಟ ಬೆಣ್ಣೆ ಕರಗುವ ಅಂಚಿನಲ್ಲೇ ಇರುತ್ತದೆ. ನಮ್ಮ ಅಂಗೈಯ ಬಿಸಿಯೂ ಸುಮಾರು ಅಷ್ಟೇ. ಕರಗಿದ ಬೆಣ್ಣೆಯನ್ನು ಮೈದಾ ಹೀರಿಕೊಂಡು ಒಂದೇ ಮುದ್ದೆಯಾಗುತ್ತದೆ, ತುಣುಕೂ ಇಲ್ಲ, ಪದರವೂ ಇಲ್ಲ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರಿಗೆ ಡಿಸೆಂಬರ್, ಜನವರಿಯ ಬೆಳಗು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹೊತ್ತು. ಘಟ್ಟದ ಕೆಳಗಿನವರು ಫ್ರಿಜ್‌ ಅನ್ನೇ ನೆಚ್ಚಬೇಕು.

ಅಳತೆ ಹೀಗಿದೆ. ಇದರಲ್ಲಿ ಎರಡು ಇಂಚು ಅಗಲದ 9 ಸ್ಕೋನ್ ಆಗುತ್ತವೆ.

ಮೈದಾ 250 ಗ್ರಾಂ. ತೂಕದ ಯಂತ್ರ ಇಲ್ಲದಿದ್ದರೆ 240 ಮಿಲಿಲೀಟರಿನ ಕಪ್ಪಿಗೆ ಚಮಚದಿಂದ ಹಗುರವಾಗಿ ತುಂಬಿ, ಮೇಲ್ಭಾಗ ಸವರಿ, 2 ಕಪ್. ಕಪ್ಪನ್ನೇ ಹಿಟ್ಟಿನ ಡಬ್ಬಿಗೆ ಅದ್ದಿ ಒತ್ತಿ ತುಂಬಿದರೆ ಕಪ್ಪಿಗೆ 20–30 ಗ್ರಾಂ ಹೆಚ್ಚು ಬರುತ್ತದೆ, ಸ್ಕೋನ್ ಒಣಗುತ್ತದೆ. ಬೇಕಿಂಗ್ ಪೌಡರ್ 3 ಸಪಾಟು ಟೀ ಚಮಚ, ಅಂದಾಜು 12 ಗ್ರಾಂ. ಉಪ್ಪು ಹಾಕಿದ ಬೆಣ್ಣೆ 70 ಗ್ರಾಂ. ಚೀಸ್ 80 ಗ್ರಾಂ. ತಣ್ಣನೆಯ ಹಾಲು 140 ಮಿಲಿಲೀಟರ್, ಮೇಲೆ ಸವರಲು ಇನ್ನೊಂದು ಚಮಚ. ಹೆಚ್ಚಿದ ಈರುಳ್ಳಿ ದೊಡ್ಡದು 1, ಜಜ್ಜಿದ ಕಾಳುಮೆಣಸು 1 ಟೀ ಚಮಚ. ಉಪ್ಪು ಕಾಲು ಟೀ ಚಮಚ ಮಾತ್ರ. ಇಷ್ಟು ಕಡಿಮೆ ಏಕೆಂದರೆ ಬೆಣ್ಣೆ ಮತ್ತು ಚೀಸ್ ಎರಡರಲ್ಲೂ ಉಪ್ಪಿದೆ. ಉಪ್ಪಿಲ್ಲದ ಬೆಣ್ಣೆಯಾದರೆ ಅರ್ಧದಿಂದ ಮುಕ್ಕಾಲು ಚಮಚಕ್ಕೆ ಏರಿಸಿ.

ಮನೆಯಲ್ಲಿ ಕಡೆದ ಬೆಣ್ಣೆ ಚೆನ್ನಾಗಿಯೇ ಆಗುತ್ತದೆ, ಆದರೆ ಅದರಲ್ಲಿ ಮಜ್ಜಿಗೆಯ ನೀರು ಹೆಚ್ಚು. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಹಿಂಡಿ, ಚಪ್ಪಟೆ ಮಾಡಿ ಫ್ರೀಜರ್‌ನಲ್ಲಿಡಿ. ಹಾಲಿನಲ್ಲಿ ಒಂದು ದೊಡ್ಡ ಚಮಚ ತಗ್ಗಿಸಿ. ತುಪ್ಪ ಹಾಕಬೇಡಿ. ಅದರಲ್ಲಿ ನೀರಿಲ್ಲ, ಹಾಗಾಗಿ ಆವಿಯಿಲ್ಲ. ಅದರಿಂದ ಬರುವುದು ನಾನ್‌ಖಟಾಯಿಯ ಹಾಗೆ ಪುಡಿಯಾಗುವ ತಿಂಡಿ, ರುಚಿಯಿದ್ದರೂ ಸ್ಕೋನ್ ಅಲ್ಲ. ಸೆಕೆಯಲ್ಲೂ ಗಟ್ಟಿಯಾಗಿರುವ ಮುರುಗಲ ತುಪ್ಪ (ಕೋಕಂ ಬೀಜದ ಕೊಬ್ಬು) ಈ ಕಡೆಯ ಎಷ್ಟೋ ಮನೆಗಳಲ್ಲಿದೆ, ಅದನ್ನೇ ಹಾಕಿದರೆ ಹೇಗೆ ಎಂಬ ಯೋಚನೆ ಬರುವುದು ಸಹಜ. ಅದು ಕರಗಲು 38–40 ಡಿಗ್ರಿ ಬೇಕು, ನಾಲಿಗೆಯ ಬಿಸಿಗಿಂತ ಹೆಚ್ಚು. ಸ್ಕೋನ್ ಆರಿದ ಮೇಲೆ ತಿಂದರೆ ಬಾಯಿಯೊಳಗೆ ಮೇಣದಂತೆ ಅಂಟುತ್ತದೆ. ಬೆಣ್ಣೆಯ ಜಾಗಕ್ಕೆ ಅದು ಬೇಡ.

ಚೀಸ್ ಬಗ್ಗೆ ಒಂದು ಮಾತು. ಪೇಟೆಯಲ್ಲಿ ಎಲ್ಲೆಡೆ ಸಿಗುವ ಪ್ರೊಸೆಸ್ಡ್ ಚೀಸ್ ಘನಗಳು ಸಾಮಾನ್ಯವಾಗಿ 25 ಗ್ರಾಂ ತೂಗುತ್ತವೆ. ಮೂರು ಹಾಕಿದರೆ 75 ಗ್ರಾಂ, ಸಾಕು. ಮೆತ್ತಗಿನ ಘನ ತುರಿಮಣೆಗೆ ಮೆತ್ತಿಕೊಳ್ಳುತ್ತದೆ, ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ತುರಿಯಿರಿ. ಚೆಡ್ಡರ್ ಸಿಕ್ಕರೆ ಅದೇ ಒಳ್ಳೆಯದು. ರುಚಿ ಗಾಢ, ಮೇಲ್ಭಾಗ ಕೆಂಪಗೂ ಆಗುತ್ತದೆ. ಮೊಝರೆಲ್ಲಾ ಎಳೆ ಬರುತ್ತದೆಯೇ ಹೊರತು ರುಚಿ ಸಪ್ಪೆ.

ಈರುಳ್ಳಿಯನ್ನು ಹಸಿಯಾಗಿ ಹಾಕಬಾರದು, ಮೊದಲ ಸಲದವರು ಎಡವುವ ಜಾಗ ಇದು. ಉಪ್ಪು ತಾಗಿದ ಈರುಳ್ಳಿ ನೀರು ಬಿಡುತ್ತದೆ, ಸುತ್ತಲಿನ ಹಿಟ್ಟು ಬೇಯದೆ ಅಂಟಂಟಾಗಿ ಉಳಿಯುತ್ತದೆ. ಒಂದು ಚಮಚ ಎಣ್ಣೆಯಲ್ಲಿ ಹದ ಉರಿಯ ಮೇಲೆ ಹೊಂಬಣ್ಣ ಬರುವವರೆಗೆ ಹುರಿದು, ತಟ್ಟೆಯಲ್ಲಿ ಹರಡಿ ಆರಿಸಿ, ಆಮೇಲೆ ಫ್ರಿಜ್‌ನಲ್ಲಿಡಿ. ಬಿಸಿ ಈರುಳ್ಳಿ ಸೇರಿಸಿದರೆ ಬೆಣ್ಣೆ ಅಲ್ಲೇ ಕರಗಿತು. ಬೇಸಗೆಯಲ್ಲಿ ಹೆದ್ದಾರಿ 66ರ ಬದಿ ಕುಮಟಾ ಹತ್ತಿರ ಜಡೆ ಹೆಣೆದು ತೂಗುಹಾಕಿ ಮಾರುವ ಸಿಹಿ ಈರುಳ್ಳಿ ಇದಕ್ಕೆ ಬಹಳ ಚಂದ ಒಗ್ಗುತ್ತದೆ. ಸಿಹಿಯಿರುವುದರಿಂದ ಬೇಗ ಬಣ್ಣ ಬರುತ್ತದೆ, ಉರಿ ಸಣ್ಣದಿರಲಿ, ಜೊತೆಗೆ ಕಾಳುಮೆಣಸು ಸ್ವಲ್ಪ ಹೆಚ್ಚಿರಲಿ.

ಈಗ ಮಾಡುವ ಕ್ರಮ. ಹಿಂದಿನ ರಾತ್ರಿಯೇ ಬೆಣ್ಣೆಯನ್ನು ಫ್ರೀಜರ್‌ಗೆ ಹಾಕಿ. ಮೈದಾ, ಬೇಕಿಂಗ್ ಪೌಡರ್, ಉಪ್ಪು, ಕಾಳುಮೆಣಸನ್ನು ಅಗಲದ ಸ್ಟೀಲ್ ಪಾತ್ರೆಗೆ ಜರಡಿ ಹಿಡಿದು ಕಲಸಿ, ಪಾತ್ರೆ ಸಮೇತ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಕರಾವಳಿಯಲ್ಲಿ ಇದನ್ನು ಬಿಡಬೇಡಿ, ಹಿಟ್ಟೇ 32 ಡಿಗ್ರಿ ಇದ್ದರೆ ತಣ್ಣನೆಯ ಬೆಣ್ಣೆಯೂ ಎಷ್ಟು ಹೊತ್ತು ತಡೆದೀತು? ಓವನ್ ಕಾಯಲು ಹಚ್ಚಿದ ಮೇಲೆ ಪಾತ್ರೆ ಹೊರತೆಗೆಯಿರಿ. ಕಲ್ಲಾದ ಬೆಣ್ಣೆಯನ್ನು ಕಾಗದ ಸುತ್ತಿ ಹಿಡಿದು ತುರಿಮಣೆಯ ದೊಡ್ಡ ತೂತಿನಲ್ಲಿ ನೇರ ಹಿಟ್ಟಿಗೇ ತುರಿಯಿರಿ. ನಡುನಡುವೆ ಹಿಟ್ಟು ಉದುರಿಸಿ ಬಿಡಿಸುತ್ತಿದ್ದರೆ ತುರಿ ಒಂದಕ್ಕೊಂದು ಅಂಟುವುದಿಲ್ಲ. ಬೆರಳ ತುದಿಯಲ್ಲಷ್ಟೇ ಹಗುರವಾಗಿ ಉಜ್ಜಿ, ಅಂಗೈ ತಾಗಿಸಬೇಡಿ. ಒಟ್ಟು ದಪ್ಪ ರವೆಯಂತೆ, ನಡುವೆ ಕಡಲೆಬೇಳೆ ಗಾತ್ರದ ಬೆಣ್ಣೆ ಚೂರುಗಳು ಕಾಣುವಂತೆ ಆದರೆ ನಿಲ್ಲಿಸಿ. ಬೆರಳಿಗೆ ಜಿಡ್ಡು ಮೆತ್ತುತ್ತಿದೆ ಎನಿಸಿದರೆ ಆ ಕ್ಷಣವೇ ಪಾತ್ರೆಯನ್ನು ಹತ್ತು ನಿಮಿಷ ಫ್ರೀಜರ್‌ಗೆ ಹಾಕಿ.

ಮುಕ್ಕಾಲು ಪಾಲು ಚೀಸ್, ಈರುಳ್ಳಿ ಸೇರಿಸಿ ಕೆದಕಿ. ನಡುವೆ ಗುಂಡಿ ಮಾಡಿ ಮೊದಲು 120 ಮಿಲಿಲೀಟರ್ ಹಾಲು ಸುರಿದು, ಚಪ್ಪಟೆ ಚಾಕು ಅಥವಾ ಸಟ್ಟುಗದ ಹಿಡಿಯಿಂದ ಕೂಡಿಸಿ. ತಳದಲ್ಲಿ ಒಣಹಿಟ್ಟು ಉಳಿದರೆ ಮಾತ್ರ ಉಳಿದ ಹಾಲನ್ನು ಚಮಚ ಚಮಚವಾಗಿ ಹಾಕಿ. ಹಿಟ್ಟು ಒರಟಾಗಿ, ಕೈಗೆ ತುಸು ಅಂಟುವಂತಿರಬೇಕು. ಚಪಾತಿ ಹಿಟ್ಟು ನಾದಿ ಅಭ್ಯಾಸವಾದ ಕೈಗೆ ಇದು ಅರೆಬರೆ ಕೆಲಸ ಅನಿಸುತ್ತದೆ, ಇನ್ನೂ ನಾಲ್ಕು ಸಲ ನಾದೋಣ ಎಂದು ತೋರುತ್ತದೆ. ಅಲ್ಲೇ ತಡೆಯಬೇಕು. ಮೈದಾಕ್ಕೆ ನೀರು ಸೇರಿ ನಾದಿದಷ್ಟೂ ಗ್ಲುಟೆನ್ ಎಂಬ ಅಂಟು ಜಾಲ ಬಲಿಯುತ್ತದೆ. ಚಪಾತಿ ಹರಿಯದಂತೆ ಎಳೆದು ಲಟ್ಟಿಸಲು ಅದು ಬೇಕು. ಸ್ಕೋನ್‌ನಲ್ಲಿ ಅದೇ ಜಾಲ ಹಿಟ್ಟನ್ನು ಬಿಗಿಹಿಡಿದು ಉಬ್ಬಲು ಬಿಡದೆ ಒಳಗನ್ನು ರಬ್ಬರ್ ಮಾಡುತ್ತದೆ.

ಹಿಟ್ಟು ಉದುರಿಸಿದ ಮಣೆಯ ಮೇಲೆ ಮುದ್ದೆಯನ್ನು ಹಾಕಿ ಕೈಯಿಂದ ತಟ್ಟಿ, ಅರ್ಧಕ್ಕೆ ಮಡಚಿ, ಮತ್ತೆ ತಟ್ಟಿ. ಹೀಗೆ ಮೂರು ಮಡಿಕೆ ಸಾಕು, ಪದರ ಇದರಿಂದ ಏಳುತ್ತದೆ. ಕೊನೆಗೆ 15 ಸೆಂಟಿಮೀಟರ್ ಚೌಕಕ್ಕೆ, 2.5 ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ. ದಪ್ಪವನ್ನು ಕಣ್ಣಳತೆಯಲ್ಲಿ ಬಿಡದೆ ಸ್ಕೇಲ್ ಇಟ್ಟು ನೋಡಿ. ಚಪ್ಪಟೆ ಸ್ಕೋನ್‌ಗೆ ಅರ್ಧ ಕಾರಣ ಒಂದೂವರೆ ಸೆಂಟಿಮೀಟರಿಗೆ ತಟ್ಟಿದ್ದೇ ಆಗಿರುತ್ತದೆ.

ಕತ್ತರಿಸಲು ಸ್ಟೀಲ್ ಲೋಟ ಹಿಡಿಯುವವರು ಹೆಚ್ಚು. ಲೋಟದ ಬಾಯಿ ಮಡಚಿದ್ದು, ಮೊಂಡು. ಅದು ಕತ್ತರಿಸುವ ಬದಲು ಅಂಚನ್ನು ಒತ್ತಿ ಮುಚ್ಚುತ್ತದೆ, ಮೇಲಿಂದ ತಿರುಚಿದರಂತೂ ಪದರಗಳು ಒಂದಕ್ಕೊಂದು ಬೆಸೆದುಬಿಡುತ್ತವೆ, ಸ್ಕೋನ್ ಒಂದು ಕಡೆ ವಾಲುತ್ತದೆ ಅಥವಾ ಏಳುವುದೇ ಇಲ್ಲ. ಮೊದಲ ಸಲ ದುಂಡಗಿನ ಆಸೆ ಬಿಡಿ. ಹರಿತ ಚಾಕುವನ್ನು ನೇರ ಕೆಳಕ್ಕೆ ಒತ್ತಿ, ಎಳೆಯದೆ, ಮೂರಕ್ಕೆ ಮೂರು ಚೌಕ ಕತ್ತರಿಸಿ. ದುಂಡಗೆ ಕತ್ತರಿಸಿದರೆ ಉಳಿಯುವ ಚೂರುಗಳನ್ನು ಮತ್ತೆ ಕಲಸಬೇಕಾಗುತ್ತದೆ, ಆ ಎರಡನೇ ಸುತ್ತಿನವು ಯಾವಾಗಲೂ ಗಟ್ಟಿ. ಚೌಕದಲ್ಲಿ ಆ ತಂಟೆಯೇ ಇಲ್ಲ.

ಕತ್ತರಿಸಿದ ತುಂಡುಗಳನ್ನು ಕಾಗದ ಹಾಸಿದ ಟ್ರೇಯಲ್ಲಿ ಎರಡು ಬೆರಳು ಅಂತರದಲ್ಲಿಟ್ಟು 20 ನಿಮಿಷ ಫ್ರಿಜ್‌ನಲ್ಲಿಡಿ. ಬೆಣ್ಣೆ ಮತ್ತೆ ಗಟ್ಟಿಯಾಗುತ್ತದೆ, ತಟ್ಟುವಾಗ ಬಿಗಿಯಾದ ಹಿಟ್ಟೂ ಸಡಿಲವಾಗುತ್ತದೆ. ಬೇಕಿಂಗ್ ಪೌಡರ್ ಅಷ್ಟರಲ್ಲಿ ಖಾಲಿಯಾದೀತೆಂಬ ಭಯ ಬೇಡ, ತಂಪಿನಲ್ಲಿ ಅದರ ಕೆಲಸ ನಿಧಾನ. ಹಾಲನ್ನು ಮೇಲ್ಮೈಗೆ ಮಾತ್ರ ಸವರಿ. ಬದಿಗೆ ಇಳಿದರೆ ಅಂಟಿನಂತೆ ಒಣಗಿ ಆ ಬದಿ ಉಬ್ಬದು. ಉಳಿದ ಚೀಸ್ ಮೇಲೆ ಉದುರಿಸಿ.

ಓವನ್ 220 ಡಿಗ್ರಿ, ಮೇಲಿನ ಕೆಳಗಿನ ಎರಡೂ ಕಾಯಿಲ್ ಉರಿಯುತ್ತಿರಬೇಕು, ಟ್ರೇ ನಡುವಿನ ಅಂತಸ್ತಿನಲ್ಲಿ. ಫ್ಯಾನ್ ಇದ್ದರೆ 200 ಸಾಕು. 13ರಿಂದ 16 ನಿಮಿಷ. ಮೊದಲ ಹತ್ತು ನಿಮಿಷ ಬಾಗಿಲು ತೆರೆಯಬೇಡಿ. ಮೇಲೆ ಹೊಂಬಣ್ಣ, ತಳ ಕಂದು, ತಳಕ್ಕೆ ಬೆರಳಿಂದ ತಟ್ಟಿದರೆ ಪೊಳ್ಳು ಸದ್ದು ಬಂದರೆ ಬೆಂದಿದೆ.

ಬೆಣ್ಣೆಯಷ್ಟೇ ಜನ ಎಡವುವುದು ಓವನ್‌ನ ಬಿಸಿಯಲ್ಲಿ. ಸಣ್ಣ ಓಟಿಜಿಯಲ್ಲಿ (ಮನೆಬಳಕೆಯ ಕರೆಂಟಿನ ಓವನ್) ಗುಂಡಿಯ ಮೇಲೆ ಬರೆದ ಡಿಗ್ರಿಗೂ ಒಳಗಿನ ಡಿಗ್ರಿಗೂ 20–30 ವ್ಯತ್ಯಾಸ ಸಾಮಾನ್ಯ. ದೀಪ ಆರಿತೆಂದು ನಂಬದೆ 20 ನಿಮಿಷ ಕಾಯಿಸಿ. ಒಳಗಿಡುವ ಥರ್ಮಾಮೀಟರ್ ಇಲ್ಲದಿದ್ದರೆ ಸಕ್ಕರೆಯಿಂದ ಪರೀಕ್ಷಿಸಬಹುದು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಫಾಯಿಲ್ ಮೇಲೆ ಅರ್ಧ ಚಮಚ ಸಕ್ಕರೆ ಇಟ್ಟು, ಕಾದ ಓವನ್‌ನಲ್ಲಿ ಗುಂಡಿಯನ್ನು 190ಕ್ಕೆ ತಿರುಗಿಸಿ 15 ನಿಮಿಷ ಬಿಡಿ. ಹರಳು ಹಾಗೇ ಇದ್ದರೆ ನಿಮ್ಮ ಓವನ್ ಹೇಳಿದ್ದಕ್ಕಿಂತ ತಣ್ಣಗಿದೆ. 175ಕ್ಕಿಟ್ಟಾಗಲೂ ಕರಗಿದರೆ ಹೆಚ್ಚು ಬಿಸಿಯಿದೆ. ಒಮ್ಮೆ ನೋಡಿಕೊಂಡರೆ ಮುಂದೆ ಎಷ್ಟು ಹೆಚ್ಚು ಕಡಿಮೆ ತಿರುಗಿಸಬೇಕೆಂಬ ಅಂದಾಜು ಸಿಗುತ್ತದೆ.

ಇದರ ಮೇಲೆ ನಮ್ಮ ಜಿಲ್ಲೆಯ ಮಳೆಗಾಲದ ಕರೆಂಟು. ವೋಲ್ಟೇಜ್ ಇಳಿದರೆ ಕಾಯಿಲ್‌ನ ಶಕ್ತಿ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್‌ನಲ್ಲಿ 1,500 ವ್ಯಾಟ್ ಕೊಡುವ ಓವನ್ 180 ವೋಲ್ಟ್‌ನಲ್ಲಿ ಕೊಡುವುದು ಸುಮಾರು 920 ವ್ಯಾಟ್. ದೀಪ ಉರಿಯುತ್ತದೆ, ಕಾಯಿಲ್ ಕೆಂಪಗೂ ಕಾಣುತ್ತದೆ, ಆದರೆ ಒಳಗೆ 220 ಮುಟ್ಟುವುದೇ ಇಲ್ಲ. ಹೀಗೆ ಮೆಲ್ಲಗೆ ಬಿಸಿಯಾದರೆ ಹಿಟ್ಟು ಗಟ್ಟಿಯಾಗುವ ಮುಂಚೆಯೇ ಬೆಣ್ಣೆ ಕರಗಿ ಹೊರಗೆ ಹರಿಯುತ್ತದೆ. ಟ್ರೇಯಲ್ಲಿ ಬೆಣ್ಣೆಯ ಮಡು ಕಂಡರೆ ಒಂದೋ ಸ್ಕೋನ್ ಒಳಗೆ ಹೋಗುವಾಗ ಬೆಚ್ಚಗಿತ್ತು, ಇಲ್ಲವೇ ಓವನ್ ತಣ್ಣಗಿತ್ತು. ಸ್ಟೆಬಿಲೈಜರ್ ಇಲ್ಲದ ಮನೆಯಲ್ಲಿ ದೀಪಗಳು ಮಂಕಾಗಿರುವ ಸಂಜೆ ಸ್ಕೋನ್‌ಗೆ ಕೈಹಾಕದಿರುವುದು ಲೇಸು.

ಮಳೆಗಾಲದ ಇನ್ನೊಂದು ತೊಡಕು ತೇವ. ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾ ಗಾಳಿಯ ತೇವ ಹೀರಿರುತ್ತದೆ, ಆಗ 120–130 ಮಿಲಿಲೀಟರ್ ಹಾಲಿಗೇ ಹದ ಬಂದುಬಿಡುತ್ತದೆ. ಬೇಕಿಂಗ್ ಪೌಡರ್‌ಗೆ ತೇವ ತಾಗಿದರೆ ಅದು ಡಬ್ಬಿಯೊಳಗೇ ಕೆಲಸ ಮುಗಿಸಿಬಿಡುತ್ತದೆ. ದಿನಾಂಕ ಬಾಕಿಯಿದ್ದರೂ ಪರೀಕ್ಷಿಸಿ: ಅರ್ಧ ಚಮಚ ಪುಡಿಗೆ ಬಿಸಿನೀರು ಹೊಯ್ದರೆ ಭರ್ರನೆ ನೊರೆ ಏಳಬೇಕು. ಆಲಸ್ಯದಿಂದ ನಾಲ್ಕು ಗುಳ್ಳೆ ಬಂದರೆ ಎಸೆಯಿರಿ. ಹಳೆ ಪುಡಿಯನ್ನು ಹೆಚ್ಚು ಹಾಕಿ ಸರಿದೂಗಿಸುವುದಕ್ಕೆ ಹೋದರೆ ಕಹಿ ಬರುತ್ತದೆ. ಚಿಕ್ಕ ಡಬ್ಬಿ ಕೊಂಡು, ಒಣ ಚಮಚ ಹಾಕಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿಡುವುದೇ ಸರಿ.

ಬೇಕಿಂಗ್ ಪೌಡರ್ ಬದಲು ಅಡುಗೆ ಸೋಡಾವನ್ನು ಅಷ್ಟೇ ಅಳತೆಯಲ್ಲಿ ಹಾಕುವುದು ದೊಡ್ಡ ತಪ್ಪು. ಸೋಡಾ ಮೂರು ಪಟ್ಟಿಗಿಂತ ಹೆಚ್ಚು ತೀಕ್ಷ್ಣ, ಆಮ್ಲ ಸಿಗದಿದ್ದರೆ ಸಾಬೂನಿನ ರುಚಿ, ಹಳದಿ ಕಲೆ. ಮನೆಯಲ್ಲಿ ಹುಳಿ ಮಜ್ಜಿಗೆಯಿದ್ದರೆ ಹಾಲಿನ ಜಾಗಕ್ಕೆ ದಪ್ಪ ಮಜ್ಜಿಗೆ ಹಾಕಿ, ಬೇಕಿಂಗ್ ಪೌಡರ್ 2 ಚಮಚಕ್ಕೆ ಇಳಿಸಿ, ಸೋಡಾ ಕಾಲು ಚಮಚ ಸೇರಿಸಿ. ಹುಳಿ ಸೋಡಾಕ್ಕೆ ಸರಿಹೋಗುತ್ತದೆ, ಒಳಭಾಗ ಮೃದುವಾಗುತ್ತದೆ, ಚೀಸ್‌ನ ರುಚಿಯೂ ಎದ್ದು ಬರುತ್ತದೆ. ನಮ್ಮ ಮಟ್ಟಿಗೆ ಖಾರದ ಸ್ಕೋನ್‌ಗೆ ಹಾಲಿಗಿಂತ ಮಜ್ಜಿಗೆಯೇ ಮೇಲು.

ಓವನ್ ಇಲ್ಲದವರು ನಿರಾಶರಾಗಬೇಕಿಲ್ಲ. ಸ್ಕಾಟ್ಲೆಂಡಿನಲ್ಲಿ ಸ್ಕೋನ್ ಮೊದಲು ಬೇಯುತ್ತಿದ್ದುದು ಕಬ್ಬಿಣದ ಕಾವಲಿಯ ಮೇಲೆ. ಬರ್ಮಿಂಗ್‌ಹ್ಯಾಮ್‌ನ ಆಲ್‌ಫ್ರೆಡ್ ಬರ್ಡ್ 1843ರಲ್ಲಿ ಬೇಕಿಂಗ್ ಪೌಡರ್ ತಯಾರಿಸಿದ ನಂತರವೇ ಈಗಿನ ಎತ್ತರದ ಸ್ಕೋನ್‌ಗೆ ದಾರಿಯಾಯಿತು. ತೆಳ್ಳೇವು ಎರೆಯುವ ದಪ್ಪ ಕಾವಲಿ ಇದ್ದರೆ ಸಾಕು. ಚೀಸ್ ಅರ್ಧಕ್ಕಿಳಿಸಿ (ಹೊರಗೆ ಇಣುಕಿದ ಚೀಸ್ ಕಾವಲಿಗೆ ಹತ್ತಿ ಕರಕಾಗುತ್ತದೆ), ಹಿಟ್ಟನ್ನು ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ. ಇಲ್ಲಿ ಆ ದಪ್ಪವೇ ಸರಿ. ಕಾದ ಕಾವಲಿಗೆ ಚಿಟಿಕೆ ಮೈದಾ ಉದುರಿಸಿದರೆ ಅದು ನಿಧಾನವಾಗಿ ಕಂದಾಗಬೇಕು, ಕೂಡಲೇ ಸುಟ್ಟರೆ ಉರಿ ತಗ್ಗಿಸಿ. ಸಣ್ಣ ಉರಿಯಲ್ಲಿ ಒಂದೊಂದು ಮೈ 6–7 ನಿಮಿಷ, ಕೊನೆಗೆ ಬದಿಗಳನ್ನೂ ನಿಲ್ಲಿಸಿ ಒಂದು ನಿಮಿಷ. ಏರ್ ಫ್ರೈಯರ್ ಆದರೆ 180 ಡಿಗ್ರಿ, 12–14 ನಿಮಿಷ, ಒಮ್ಮೆಗೆ ನಾಲ್ಕೇ ತುಂಡು. ಕುಕ್ಕರಿನಲ್ಲಿ ಉಪ್ಪು ಹಾಕಿ ಬೇಯಿಸುವ ಕ್ರಮ ಕೇಕ್‌ಗೆ ಸಾಕಾದರೂ ಸ್ಕೋನ್‌ಗೆ ಆ ಬಿಸಿ ಸಾಲದು, ಬಣ್ಣವೂ ಬರುವುದಿಲ್ಲ.

ಒಮ್ಮೆ ಹದ ಕೈಗೆ ಹತ್ತಿದ ಮೇಲೆ ಹೂರಣ ಬದಲಿಸಬಹುದು. ದೊಡ್ಡಪತ್ರೆಯ ನಾಲ್ಕೈದು ಎಲೆ ಒರೆಸಿ ಸಣ್ಣಗೆ ಹೆಚ್ಚಿ ಹಾಕಿದರೆ ಚೀಸ್ ಜೊತೆ ಓರೆಗಾನೊ ಹಾಕಿದಂತೆಯೇ ಇರುತ್ತದೆ. ಸೂಜಿಮೆಣಸು ಎರಡೇ ಸಾಕು. ಕಾರವಾರದ ಕಡೆಯವರು ಒಣ ಶೆಟ್ಲಿಯನ್ನು (ಸೀಗಡಿ) ತಲೆ ಬಾಲ ತೆಗೆದು ಗರಿಗರಿಯಾಗಿ ಹುರಿದು ಪುಡಿಮಾಡಿ 2 ದೊಡ್ಡ ಚಮಚ ಹಾಕಿ ನೋಡಬೇಕು. ಆಗ ಉಪ್ಪನ್ನು ಪೂರ್ತಿ ಬಿಡಿ. ಏನೇ ಸೇರಿಸಿದರೂ ಒಣಗಿರಬೇಕು, ತಣ್ಣಗಿರಬೇಕು, ಒಟ್ಟು 150 ಗ್ರಾಂ ಮೀರಬಾರದು. ಅದಕ್ಕಿಂತ ಹೆಚ್ಚಾದರೆ ಹಿಟ್ಟಿಗೆ ಹೊರಲಾಗದು. ಗೋಧಿಹಿಟ್ಟು ಬೇಕೆಂದರೆ ಅರ್ಧಕ್ಕರ್ಧ ಹಾಕಿ, ಹಾಲು 20 ಮಿಲಿಲೀಟರ್ ಹೆಚ್ಚಿಸಿ. ಎತ್ತರ ಸ್ವಲ್ಪ ಕಡಿಮೆಯಾಗುತ್ತದೆ.

ಬೆಂದ ಸ್ಕೋನ್‌ಗಳನ್ನು ಜಾಲರಿಯ ಮೇಲೆ ಹತ್ತು ನಿಮಿಷ ಆರಿಸಿ. ಬಿಸಿಯಲ್ಲೇ ಡಬ್ಬಿಗೆ ಹಾಕಿದರೆ ಬೆವರಿ ಒದ್ದೆಯಾಗುತ್ತವೆ. ಸಂಜೆಯ ಆಸರಿಗೆ ಮಾಡಿದ್ದು ಅದೇ ದಿನ ತಿಂದರೆ ಚಂದ. ಈರುಳ್ಳಿ, ಚೀಸ್ ಇರುವುದರಿಂದ ಸೆಕೆಗೆ ರಾತ್ರಿಯಿಡೀ ಹೊರಗಿಡಬೇಡಿ. ಫ್ರಿಜ್‌ನಲ್ಲಿಟ್ಟದ್ದನ್ನು 160 ಡಿಗ್ರಿಯಲ್ಲಿ ಐದು ನಿಮಿಷ ಅಥವಾ ಮುಚ್ಚಿದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮೈಕ್ರೋವೇವ್ ಮಾಡಿದರೆ ರಬ್ಬರಾಗುತ್ತದೆ. ಎಲ್ಲಕ್ಕಿಂತ ಅನುಕೂಲವೆಂದರೆ ಕತ್ತರಿಸಿದ ಹಸಿ ತುಂಡುಗಳನ್ನು ಟ್ರೇಯಲ್ಲೇ ಫ್ರೀಜ್ ಮಾಡಿ ಆಮೇಲೆ ಚೀಲಕ್ಕೆ ತುಂಬಿಡುವುದು. ಒಂದು ತಿಂಗಳು ಇರುತ್ತವೆ. ಬೇಕಾದಾಗ ಕರಗಿಸದೆ ನೇರ 220 ಡಿಗ್ರಿಯ ಓವನ್‌ಗೆ ಹಾಕಿ, ಮಾಮೂಲಿಗಿಂತ ಮೂರು ನಾಲ್ಕು ನಿಮಿಷ ಹೆಚ್ಚು ಬೇಯಿಸಿ. ಘಟ್ಟದ ಕೆಳಗಿನ ಬೇಸಗೆಯಲ್ಲಿ ಹೀಗೆ ಫ್ರೀಜ್ ಮಾಡಿದವೇ ಆಗಷ್ಟೇ ಕತ್ತರಿಸಿದವಕ್ಕಿಂತ ಎತ್ತರಕ್ಕೆ ಏಳುತ್ತವೆ.